ಷರಾ

ಸಿಲಿಂಡರು ನನಗೆ ಹೊಸದಲ್ಲ.
ಜಿಲ್ಲಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ
ಹತ್ತೊಂಬತ್ತು ವರ್ಷ ಅವುಗಳ ಕತ್ತು ತಿರುವಿದವಳು,
ಬಿಳಿ ಹೆಗಲಿನ ಕಪ್ಪಿನವು, ಮೈತುಂಬ ನೀಲಿಯವು.
ಇದು ಮಾತ್ರ ಬೆನ್ನಿಗೆ.
ಕೂಸುಮರಿ ಹೊತ್ತ ಹಾಗೆ ಹೊತ್ತು ನಿಂತಿದ್ದೇನೆ
ಕೆಲಸ ನಿಂತ ಕಲ್ಲುಕ್ವಾರಿಯ ಅಂಚಿಗೆ,
ಭಾನುವಾರ, ಬೆಳಿಗ್ಗೆ ಏಳೂವರೆ.
ಎದುರು ಗುಡ್ಡದ ಮೇಲೆ ಗಾಳಿಯಂತ್ರಗಳು
ಅವಸರವಿಲ್ಲದೆ ಏನನ್ನೋ ಬೀಸುತ್ತಿವೆ.

'ಇದರಾಗೆ ಆಕ್ಸಿಜನ್ ಇಲ್ಲ ಕಣಕ್ಕ, ಬರೀ ಗಾಳಿ,
ನಮ್ಮ ದುರ್ಗದ್ದೇ,' ಅಂದ ಬುಡೇನ್ ಪಿಂಜಾರ್.
ಅವನಪ್ಪ ಊರೂರು ತಿರುಗಿ ಹತ್ತಿ ಹಿಂಜಿದವ,
ಇವನು ಕಾರವಾರದಲ್ಲಿ ಹಡಗುಗಳ ಹೊಟ್ಟೆ ಕೆರೆದು
ಪಿಂಚಣಿ ಸಮೇತ ಈ ಕಲ್ಲಿನೂರಿಗೆ ವಾಪಸಾದವ.
'ಒಂದೇ ರೂಲು. ಉಸ್ರು ಮಾತ್ರ ಹಿಡೀಬ್ಯಾಡ.'

ನಕ್ಕೆ. ನನ್ನ ಕಸುಬೇ ಉಸಿರು ಹಿಡಿಯುವುದು.
ಡಾಕ್ಟರು ಗಂಟಲಿಗೆ ಕೊಳವೆ ಇಳಿಸುವಾಗ
ಪಕ್ಕದಲ್ಲಿ ನಾನೂ ಉಸಿರು ಕಟ್ಟಿ ನಿಲ್ಲುತ್ತೇನೆ;
ಹಳೆಯ ಸಿಸ್ಟರೊಬ್ಬರು ಹೇಳಿಕೊಟ್ಟ ಲೆಕ್ಕ:
ನಿನಗೆ ಸಾಕಾಯಿತೆಂದರೆ ಮಲಗಿದವರಿಗೂ ಸಾಕಾಯಿತೆಂದು.
ಶ್ರಾವಣದ ಒಂದು ರಾತ್ರಿ, ಆರು ವರ್ಷದ ಹುಡುಗ,
ತೊಂಬತ್ತು, ಎಂಬತ್ತೊಂದು, ಅರವತ್ತೆಂಟು,
ಅಂಕಿ ಇಳಿದಂತೆಲ್ಲ ಬೀಪಿನ ದನಿ ದಪ್ಪವಾಗುತ್ತ ಹೋಯಿತು.
ಅವನು ಉಳಿದ. ಮರುವಾರ ಬಿಸ್ಕತ್ತು ತಿನ್ನುತ್ತ ಮನೆಗೆ ಹೋದ.
ಕಟ್ಟಿದ ಉಸಿರು ಬಿಡುವುದನ್ನು
ನಾನು ಮರೆತೆ.

ಆಮೇಲೆ ಕುಕ್ಕರು ಕೂಗಿದರೂ ಕೈ ನಡುಗುವುದು,
ಲಾರಿ ಹಿಂದಕ್ಕೆ ಸರಿಯುವ ಟೂಂಟೂಂ ಕೇಳಿದರೆ
ಗಾಂಧಿ ಸರ್ಕಲ್ಲಿನ ನಡುರಸ್ತೆಯಲ್ಲೇ ನಿಲ್ಲುವುದು.
ಪ್ರಾಣಾಯಾಮ ಮಾಡಿ ಅಂದರು.
ದಿನವಿಡೀ ಎಣಿಸಿದ್ದನ್ನೇ ಮನೆಯಲ್ಲೂ ಎಣಿಸಲೇ?

ಮೊದಲ ಮೂರು ಮೀಟರು ಬರೀ ಗಾಬರಿ.
ಕಿವಿಯೊಳಗೆ ಯಾರೋ ಬೆರಳಿಟ್ಟು ತಿರುವಿದರು.
ಮೂಗು ಹಿಡಿದು ಊದಿದೆ, ಟಪ್ಪೆಂದು ತೆರೆಯಿತು.
ಎಳೆದುಕೊಂಡೆ: ಹಳೇ ಬಾಗಿಲು ಕಿರ್ರೆಂದಿತು.
ಬಿಟ್ಟೆ: ಎಸರು ಕುದಿಯಿತು.
ಮತ್ತೆ ಬಾಗಿಲು, ಮತ್ತೆ ಎಸರು.
ಯಾರದಿದು ಎಂದು ಅಭ್ಯಾಸಬಲದಿಂದ ಸುತ್ತ ನೋಡಿದೆ.
ಮೇಜಿಲ್ಲ, ಮಾನಿಟರಿಲ್ಲ.
ನಲವತ್ತಾರು ವರ್ಷ ಒಮ್ಮೆಯೂ
ಕೇಳಿಸಿಕೊಂಡಿರಲಿಲ್ಲ ಇದನ್ನು.

ತಳದಲ್ಲಿ ಹವಳ ಗಿವಳ ಇಲ್ಲ.
ತುಕ್ಕು ತಿಂದ ವೈರ್‌ರೋಪು, ಒಂಟಿ ಗಂಬೂಟು,
ಬಂಡೆಯಲ್ಲಿ ಸಾಲಾಗಿ ಕೊರೆದ ತೂತುಗಳು,
ಮದ್ದು ತುಂಬಲೆಂದು ಕೊರೆದು ಯಾರೂ ತುಂಬದೆ ಬಿಟ್ಟವು;
ಒಂದೊಂದರಲ್ಲೂ ಬೆರಳುದ್ದದ ಜಿಲೇಬಿ ಮೀನು
ಬಾಡಿಗೆ ಮನೆಯವರಂತೆ ಹೊರಗಿಣುಕಿ ನೋಡಿತು.
ಬುಡೇನ್ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಕೇಳಿದ, ಸರಿಯಾ?
ಅಂಗೈ ಅಡ್ಡ ಹಿಡಿದು ಅಲುಗಿಸಿದೆ, ಅಷ್ಟೇನಿಲ್ಲ.
ಮೇಲೆ ಕರೆಯಲಿಲ್ಲ. ನನ್ನೆದುರು ಮಂಡಿಯೂರಿ
ನಿಧಾನ ಉಸಿರಾಡಿ ತೋರಿಸಿದ.
ಅವನಪ್ಪನ ಬಿಲ್ಲಿನ ಮಿಡಿತಕ್ಕೆ
ವರ್ಷಗಟ್ಟಲೆ ಮಲಗಿ ಗಂಟಾದ ಹತ್ತಿ ಬಿಚ್ಚಿಕೊಂಡ ಹಾಗೆ
ಏನೋ ಎಳೆಎಳೆಯಾಗಿ, ಗುಳ್ಳೆಗುಳ್ಳೆಯಾಗಿ
ಮೇಲಕ್ಕೆ ಹೋಯಿತು.
ಎಲ್ಲವೂ ಅಲ್ಲ.

ದಡದಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.
ಒದ್ದೆ ಕೈಯಲ್ಲೇ ಅವನ ಪುಸ್ತಕ ತುಂಬಿದೆ,
ಐದೈದು ನಿಮಿಷಕ್ಕೆ ಚಾರ್ಟು ಬರೆಯುವ ಅದೇ ದುಂಡಕ್ಷರ:
ಆಳ ಹನ್ನೊಂದು ಮೀಟರು. ಹೊತ್ತು ಇಪ್ಪತ್ತಮೂರು ನಿಮಿಷ.
ಉಳಿದ ಗಾಳಿ ಎಪ್ಪತ್ತು.
ಷರಾ ಎಂಬ ಕಾಲಮಿನ ಮುಂದೆ ಪೆನ್ನು ನಿಂತಿತು.
ನಾಳೆ ಎಂಟಕ್ಕೆ ಹರ್ನಿಯಾ, ಒಂಬತ್ತೂವರೆಗೆ ಸಿಸೇರಿಯನ್,
ಮಧ್ಯಾಹ್ನದ ಪಟ್ಟಿ ಇನ್ನೂ ಬಂದಿಲ್ಲ.
ಬರೆದೆ: ರೋಗಿ ತಾವಾಗಿಯೇ ಉಸಿರಾಡುತ್ತಿದ್ದಾರೆ.

ಬುಡೇನ್ ಇಣುಕಿ, 'ಯಾವ ರೋಗಿ ಅಕ್ಕಾ?' ಅಂದ.
ಬಾಯ್ತುಂಬ ಮಂಡಕ್ಕಿಯಿತ್ತು.
ಹೇಳಲಾಗಲಿಲ್ಲ.